ಬೋಣಿ ಸೀಟು

ತಿಂಗಳಿಗೆ ಹದಿನಾಲ್ಕು ನೂರು ರೂಪಾಯಿ. ಹರಿಹರದ ನಮ್ಮ ಮನೆ ಬಾಗಿಲಿನಿಂದ ದಾವಣಗೆರೆಯ ಶಾಲೆಯ ಗೇಟಿನವರೆಗೆ, ಹೋಗುವುದು ಬರುವುದು ಎರಡೂ ಸೇರಿ, ವ್ಯಾನಿನಲ್ಲಿ ಕಿಟಕಿ ಪಕ್ಕದ ಒಂದು ಸೀಟು. ಹಿಂದಿನ ವರ್ಷ ಅದೇ ವ್ಯಾನಿಗೆ ಎಲ್ಲರೂ ಹದಿನೆಂಟು ನೂರು ಕೊಟ್ಟಿದ್ದರು. ನನಗೆ ಯಾಕೆ ನಾನೂರು ಕಡಿಮೆ ಎಂದರೆ, ನಾನು ಮೊದಲು ಹೋದೆ. ಶಾಲೆ ತೆರೆಯಲು ಇನ್ನೂ ಒಂದೂವರೆ ತಿಂಗಳಿರುವಾಗ, ಬೇರೆ ಯಾರಿಗೂ ವ್ಯಾನಿನ ನೆನಪೇ ಬಾರದಿರುವಾಗ, ಡ್ರೈವರ್ ಹಾಲೇಶನ ಊರು ಭಾನುವಳ್ಳಿಗೇ ಬಸ್ಸು ಹತ್ತಿ ಹೋಗಿ, ಅವನ ಆ ವರ್ಷದ ಬೋಣಿಯನ್ನು ನಾನು ಮಾಡಿದೆ.

ಬೋಣಿ ಎಂದರೆ ಮೊದಲ ವ್ಯಾಪಾರ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಆ ದಿನವೆಲ್ಲ ಗಲ್ಲಾಪೆಟ್ಟಿಗೆ ಖಾಲಿ ಎಂದು ನಮ್ಮ ಬಜಾರಿನಲ್ಲಿ ನಂಬದವರಿಲ್ಲ. ನನ್ನದೊಂದು ಸಣ್ಣ ಮ್ಯಾಚಿಂಗ್ ಸೆಂಟರ್ ಇದೆ; ಸೀರೆಗೆ ಹೊಂದುವ ರವಿಕೆ ಬಟ್ಟೆ, ಫಾಲು, ಲೈನಿಂಗು, ದಾರ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲು ಬಂದವಳು ಹತ್ತು ರೂಪಾಯಿ ಕಡಿಮೆ ಕೇಳಿದರೆ ನಾನು ಹಲ್ಲು ಕಚ್ಚಿಕೊಂಡು ಕೊಡುತ್ತೇನೆ, ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ, ಆಮೇಲೆ ಬಂದವರಿಂದ ಆ ಹತ್ತನ್ನು ವಸೂಲಿ ಮಾಡುತ್ತೇನೆ. ಇದು ಮೋಸವಲ್ಲ, ಬಜಾರಿನ ಧರ್ಮ.

ಇವತ್ತು ಇದೆಲ್ಲ ಯಾಕೆ ನೆನಪಾಯಿತೆಂದರೆ, ಅಟ್ಟದಿಂದ ಹಳೆಯ ಪಾತ್ರೆ ಇಳಿಸುವಾಗ ಒಂದು ಪುಟ್ಟ ದಿಂಬು ಜಾರಿ ನನ್ನ ತಲೆಯ ಮೇಲೆ ಬಿತ್ತು. ಅಂಗಡಿಯಲ್ಲಿ ಉಳಿದ ರವಿಕೆ ಬಟ್ಟೆಯ ಚೂರುಗಳನ್ನು ಸೇರಿಸಿ ಹೊಲಿದದ್ದು. ಹಸಿರು, ಮೆಂತ್ಯ ಬಣ್ಣ, ರಾಣಿ ಪಿಂಕು. ಕೂತಾಗ ಬಲಗಡೆ ಒತ್ತುತ್ತದೆ ಎಂದು ಮೊಮ್ಮಗಳು ದೀಕ್ಷಾ ಹೇಳಿದ್ದಕ್ಕೆ ಹೊಲಿದುಕೊಟ್ಟಿದ್ದೆ. ಏಳು ವರ್ಷದ ಹುಡುಗಿಗೆ ಶಾಲೆಗೆ ಹೋಗಲು ದಿಂಬು ಯಾಕೆ ಬೇಕಾಯಿತು ಎಂಬ ಪ್ರಶ್ನೆ ಆಗ ನನ್ನ ತಲೆಗೆ ಹೊಳೆಯಲಿಲ್ಲ. ಹೊಲಿಗೆ ಚೆನ್ನಾಗಿ ಬಂದಿದೆಯೆಂದು ಅಕ್ಕಪಕ್ಕದವರಿಗೆ ತೋರಿಸಿಕೊಂಡು ಬಂದೆ.

ನನ್ನ ಚೌಕಾಸಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಾನು ಹುಟ್ಟಿದ್ದು ಮಾಯಕೊಂಡದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಮದುವೆಯಾಗಿ ಹರಿಹರಕ್ಕೆ ಬಂದೆ. ಯಜಮಾನರ ಸಂಬಳ ಹದಿನೈದನೇ ತಾರೀಖಿಗೇ ಉಸಿರು ಬಿಡುತ್ತಿತ್ತು. ಹಾಗಾಗಿ ರವಿಕೆ ಬಟ್ಟೆಯ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಹಳ್ಳಿಹಳ್ಳಿ ತಿರುಗಿ ಮಾರಲು ಶುರುಮಾಡಿದೆ. ಗಂಟಿಗೆ ಲಗೇಜು ಟಿಕೆಟ್ ತಗೋಬೇಕು ಎಂದು ಕಂಡಕ್ಟರು ಹಟ ಹಿಡಿದರೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಹೊದಿಸಿ, "ತೊಡೆ ಮ್ಯಾಲಿನ ಮಗೀಗೆ ಟಿಕೆಟ್ ಕೇಳ್ತೀಯೇನಪ್ಪ?" ಎನ್ನುತ್ತಿದ್ದೆ. ಬಸ್ಸೆಲ್ಲ ನಗುತ್ತಿತ್ತು. ಹತ್ತು ವರ್ಷ ಆ ಗಂಟನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿ, ಹನ್ನೊಂದನೇ ವರ್ಷ ಅಂಗಡಿ ಹಾಕಿದೆ. ಯಾರೂ ಕೈಹಿಡಿದು ಮೇಲೆತ್ತಿದ್ದಲ್ಲ. ಹೇಳಿದ ಬೆಲೆಗೆ ಇವತ್ತಿನವರೆಗೆ ಒಂದು ಕಟ್ಟು ಕೊತ್ತಂಬರಿಯನ್ನೂ ತಂದವಳಲ್ಲ. ಮಗನಿಗೆ ಸುಧಾಳನ್ನು ಹೆಣ್ಣು ನೋಡಲು ಹೋದಾಗಲೂ ಮದುವೆ ಛತ್ರದವನ ಫೋನ್ ನಂಬರನ್ನು ಅವರಪ್ಪನಿಂದ ಇಸಕೊಂಡು, ಅಲ್ಲೇ ಜಗಲಿಯಲ್ಲಿ ಕೂತು ಬಾಡಿಗೆ ಇಳಿಸಿದೆ. ಈಗಲೂ ಸೊಸೆ ಅದನ್ನು ಹೇಳಿ ಹೇಳಿ ನಗುತ್ತಾಳೆ. ನಗುತ್ತಿದ್ದಳು ಎನ್ನಬೇಕು.

ಭಾನುವಳ್ಳಿಗೆ ಹೋದದ್ದು ಸುಡುಬಿಸಿಲಿನಲ್ಲಿ. ಹಾಲೇಶ ವ್ಯಾನಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದವನು ನನ್ನ ಚಪ್ಪಲಿ ಕಂಡು ಹೊರಗೆ ತೂರಿ ಬಂದ.

"ಏನಕ್ಕಾರೆ, ಈ ಬಿಸ್ಲಾಗೆ! ಫೋನ್ ಹಚ್ಚಿದ್ರೆ ನಾನೇ ಬರ್ತಿದ್ದೆ. ಕೂಡ್ರಿ, ಕೂಡ್ರಿ."

"ಫೋನ್‌ನಾಗೆ ಬೋಣಿ ಆಗಂಗಿಲ್ಲಪ್ಪ ಹಾಲೇಶ. ಮೊಮ್ಮಗಳು ಈ ವರ್ಷದಿಂದ ದಾವಣಗೆರೆ ಶಾಲೆ. ಹದಿಮೂರು ನೂರು ಕೊಡ್ತೀನಿ."

"ಹದಿಮೂರಾ! ಗ್ಯಾಸಿನ ರೇಟು ಎಲ್ಲಿಗೋತು, ಟೈರಿನ ರೇಟು ಎಲ್ಲಿಗೋತು! ಈ ಸಲ ಎಲ್ಲರಿಗೂ ಎರಡು ಸಾವಿರ ಅಂತ ಮಾಡೀನಿ ಅಕ್ಕಾರೆ."

"ಮಾಡು, ಬ್ಯಾರೆಯೋರಿಗೆ ಮಾಡು. ಯಾರು ಬ್ಯಾಡ ಅಂದ್ರು? ನಾನು ಬೋಣಿ."

ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಮಜ್ಜಿಗೆ ತಂದ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಬೋಣಿ ಮಾಡಾಕೆ ಮನೀತಂಕ ಬಂದೋರನ್ನ ಬರಿಗೈಲೆ ಕಳಿಸ್ಬ್ಯಾಡ್ರಿ, ಒಳ್ಳೇದಾಗಂಗಿಲ್ಲ" ಎಂದಳು. ಅಲ್ಲಿಗೆ ವ್ಯಾಪಾರ ನನ್ನ ಕಡೆ ವಾಲಿತು. ಹದಿನಾಲ್ಕಕ್ಕೆ ಮುಗಿಸಿದೆವು. ಎದ್ದು ನಿಂತ ಮೇಲೆ, ಚೌಕಾಸಿ ಮಾಡುವವರಿಗೆಲ್ಲ ಗೊತ್ತಿರುವ ಕೊನೆಯ ಕೊಸರನ್ನೂ ಕೇಳಿದೆ.

"ಬೋಣಿ ನಮ್ದು ಅಂದ್ಮ್ಯಾಲೆ ದಿನಾ ಮೊದ್ಲು ಹತ್ತೋದು ನಮ್ ಹುಡುಗಿ. ಒಳಗಡೆ, ಕಿಟಕಿ ಪಕ್ಕ. ಅಲ್ಲಿಂದ ಅವಳನ್ನ ಯಾರೂ ಎಬ್ಬಿಸ್ಬಾರ್ದು."

"ಆತು ಬಿಡ್ರಿ" ಎಂದು ಹಾಲೇಶ ನಕ್ಕ. "ದಿನಾ ನಿಮ್ಮ ಹುಡುಗೀದೇ ಬೋಣಿ. ಅದು ಅವಳ್ದೇ ಸೀಟು."

ಶಾಲೆಯದೇ ಬಸ್ಸಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಅದರ ಬೆಲೆ ಕೇಳಿ, ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದು ಬಂದಿದ್ದೆ. ಹರಿಹರದಲ್ಲಿಯೇ ಶಾಲೆಗಳಿರಲಿಲ್ಲವೇ? ಅವೂ ಇದ್ದವು. ಆದರೆ ಅಂಗಡಿಗೆ ಬರುವ ಹೆಂಗಸರೆಲ್ಲ "ನಮ್ಮ ಹುಡುಗ ದಾವಣಗೆರೆಗೆ ಹೋಗ್ತಾನ್ರಿ" ಎನ್ನುವಾಗ, ಗಂಟು ಹೊತ್ತು ಮೇಲೆ ಬಂದವಳಿಗೂ ಒಂದು ಆಸೆ ಇರುತ್ತದಲ್ಲ.

ಬೋಣಿ ಮಾಡಿ ಬಂದ ಮೊದಲ ತಿಂಗಳು ನನ್ನ ಬಾಯಿ ಸುಮ್ಮನಿರಲಿಲ್ಲ. ರವಿಕೆ ಬಟ್ಟೆಯನ್ನು ಸೀರೆಯ ಅಂಚಿಗೆ ಹಿಡಿದು ತೋರಿಸುತ್ತಲೇ, "ಹದಿನಾಲ್ಕು ನೂರು ಕಣ್ರೀ, ಅದೂ ಕಿಟಕಿ ಸೀಟು! ನಿಮಗೆಷ್ಟು ಹಾಕ್ಯಾನೆ?" ಎಂದು ಬಂದವರಿಗೆಲ್ಲ ಹೇಳಿದೆ. ಎಷ್ಟು ಕಷ್ಟಪಟ್ಟು ಆ ಸೀಟನ್ನು ಗಿಟ್ಟಿಸಿದೆ ಎಂಬುದಕ್ಕೆ ದಿನಕ್ಕೊಂದು ಒಗ್ಗರಣೆ ಬೀಳುತ್ತಿತ್ತು. ದೀಕ್ಷಾ ಕೌಂಟರಿನ ಕೆಳಗೆ ಕೂತು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಇದನ್ನೆಲ್ಲ ಕೇಳುತ್ತಿದ್ದಳು.

ಅವಳು ವ್ಯಾನು ಹತ್ತುತ್ತಿದ್ದದ್ದು ಬೆಳಿಗ್ಗೆ ಏಳೂ ಐದಕ್ಕೆ. ಇಳಿದು ಮನೆಗೆ ಬರುವುದು ಸಂಜೆ ಆರಕ್ಕೆ. ಬರುಬರುತ್ತ ಕೆಲವು ಸಂಗತಿಗಳು ಕಂಡವು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಸಮಾಧಾನವಿತ್ತು. ಕೊಟ್ಟ ನೀರಿನ ಬಾಟಲಿ ಹಾಗೇ ತುಂಬಿ ಬರುತ್ತಿತ್ತು. ಮಳೆಗಾಲ, ಬಾಯಾರಿಕೆ ಕಡಿಮೆ ಎಂದೆ. ಮುಖ ತೊಳೆಸುವಾಗ ಮೂಗಿನಿಂದ ಕರಿ ಬರುತ್ತಿತ್ತು. ಯಾರ ಮೂಗಿನಿಂದ ಬರುವುದಿಲ್ಲ ಎಂದೆ. ಬೆಳಿಗ್ಗೆ ತಿಂಡಿ ತಿಂದರೆ ವಾಂತಿ ಬರುತ್ತದೆಂದು ತಟ್ಟೆ ತಳ್ಳುತ್ತಿದ್ದಳು. ಮೂಸಿ ನೋಡಲು ಒಂದು ನಿಂಬೆಹಣ್ಣು ಕೊಟ್ಟೆ. ನಿಂಬೆಹಣ್ಣನ್ನೂ ಡಜನ್ನಿಗೆ ಹದಿಮೂರು ಮಾಡಿಸಿ ತಂದದ್ದು.

"ಅತ್ತೆ, ಇವ್ಳು ಯಾಕೋ ಮೊದ್ಲಿನಂಗೆ ಮಾತೇ ಆಡಂಗಿಲ್ಲ" ಎಂದು ಸುಧಾ ಒಂದು ದಿನ ರೊಟ್ಟಿ ತಟ್ಟುತ್ತ ಹೇಳಿದಳು. "ನಾನೇ ಸ್ಕೂಟೀಲಿ ಬಿಟ್ಟು ಬರ್ಲಾ?"

"ಹೈವೇದಾಗೆ ಲಾರಿ ಮಧ್ಯೆ ಸ್ಕೂಟಿ? ಬ್ಯಾಡ. ರೊಕ್ಕ ಕೊಟ್ಟ ಸೀಟು ಐತಲ್ಲ. ಹುಡುಗಿ ದೊಡ್ಡೋಳಾಗ್ತಿದಾಳೆ, ಗಂಭೀರ ಬಂದೈತೆ."

ಸೊಸೆ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ನಮ್ಮ ಮನೆಯಲ್ಲಿ ಬೆಲೆ ಕಟ್ಟುವ ಕೆಲಸ ನನ್ನದು. ಮಗ ಲಾರಿ ಟ್ರಾನ್ಸ್‌ಪೋರ್ಟಿನ ಕೆಲಸದಲ್ಲಿ ವಾರದಲ್ಲಿ ನಾಲ್ಕು ದಿನ ಊರಲ್ಲೇ ಇರುವುದಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ದಾರಿ ಇಲ್ಲಿ ನೆನಪಾಗುತ್ತದೆ. ನಮ್ಮ ಹಳ್ಳಿಯಿಂದ ಮಾಯಕೊಂಡಕ್ಕೆ ಮೂರು ಮೈಲಿ ನಡಿಗೆ. ಅದನ್ನು ಸ್ವರ್ಗ ಎಂದು ಹೇಳಿದರೆ ನನ್ನ ಹಿಮ್ಮಡಿಯ ಜಾಲಿ ಮುಳ್ಳಿನ ಗುರುತುಗಳು ನನ್ನನ್ನು ಬೈದಾವು. ಚಪ್ಪಲಿ ಇರಲಿಲ್ಲ, ಬಿಸಿಲಿಗೆ ನೆತ್ತಿ ಸೀಯುತ್ತಿತ್ತು, ತಡವಾದರೆ ಮೇಷ್ಟ್ರು ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಆದರೂ ದಾರಿ ನಮ್ಮದಾಗಿತ್ತು. ಬಾರೆಹಣ್ಣು ಸಿಕ್ಕರೆ ನಿಲ್ಲುತ್ತಿದ್ದೆವು. ಯಾರದೋ ಹೊಲದ ಕಡಲೆಗಿಡ ಕಿತ್ತು ತಿಂದು, ಬಾಯಿ ಹುಳಿಯಾಗಿ, ಕಪಿಲೆ ಬಾವಿಯ ಹತ್ತಿರ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದೆವು. ಜಗಳವಾಡಿದವರು ಹತ್ತು ಮಾರು ಹಿಂದೆ ನಡೆಯುತ್ತಿದ್ದರು, ಹುಣಸೆಮರ ಬರುವಷ್ಟರಲ್ಲಿ ರಾಜಿಯಾಗುತ್ತಿದ್ದರು. ಒಂದಕ್ಕೆ ಬಂದರೆ, "ಲೇ, ನಿಂತ್ಕಳ್ರೇ" ಎಂದು ಕೂಗಿ ಕತ್ತಾಳೆಯ ಮರೆಗೆ ಹೋಗುತ್ತಿದ್ದೆವು. ಇಬ್ಬರು ಕಾವಲು ನಿಲ್ಲುತ್ತಿದ್ದರು. ಇದೊಂದು ಹೇಳಿಕೊಳ್ಳುವ ವಿಷಯವೇ ಎಂದು ನಿಮಗೆ ಅನ್ನಿಸಬಹುದು. ಹೇಳುವ ಕಾಲ ಬಂತು, ಅದಕ್ಕೇ ಹೇಳುತ್ತಿದ್ದೇನೆ.

ದಸರೆ ರಜೆ ಮುಗಿದು ವಾರವಾಗಿತ್ತು. ದೀಕ್ಷಾಳಿಗೆ ಚಳಿಜ್ವರ ಬಂತು. ಮಾತ್ರೆಗೆ ಇಳಿದು ಮತ್ತೆ ಏರಿತು. ಮೂರನೆಯ ದಿನ ಬೆನ್ನಿನ ಪಕ್ಕೆ ಹಿಡಿದುಕೊಂಡು ಮುದುಡಿ ಅಳತೊಡಗಿದಳು. ದಾವಣಗೆರೆಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಡುವಯಸ್ಸಿನ ಡಾಕ್ಟರಮ್ಮ. ಮೂತ್ರದ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ಮಾಡಿಸಿ, ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೇಳಿದರು.

"ಸೋಂಕು ಕಿಡ್ನಿಗೆ ಏರೈತೆ. ಇವತ್ತೇ ಅಡ್ಮಿಟ್ ಆಗ್ಬೇಕು. ಮನೆಯಿಂದ ಸ್ಕೂಲು ಎಷ್ಟು ದೂರ?"

"ಅರ್ಧ ಗಂಟೆ ಮೇಡಂ."

"ವ್ಯಾನ್ ಹತ್ತೋದು?"

"ಏಳೂ ಐದು."

"ಸ್ಕೂಲು ಮುಟ್ಟೋದು?"

"ಎಂಟೂ ಮೂವತ್ತೈದು, ನಲವತ್ತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವು ಬಸ್ಸಿನ ಲೆಕ್ಕ ಹೇಳ್ತಿದೀರಿ. ಇವಳದ್ದು ಒಂದೂವರೆ ತಾಸು. ಸಂಜೆನೂ ಅಷ್ಟೇನಾ?"

ಅಷ್ಟೇ ಎಂದೆ.

"ದಿನಾ ಮೂರು ತಾಸು. ಅಷ್ಟೊತ್ತಿಗೆ ನೀವು ತುಮಕೂರು ಮುಟ್ಟಿರ್ತೀರಿ." ಆಮೇಲೆ ದೀಕ್ಷಾಳ ಕಡೆ ಬಗ್ಗಿ, "ನೀರು ಯಾಕೆ ಕುಡಿಯಲ್ಲ ಪುಟ್ಟಿ?" ಎಂದರು.

ಅವಳು ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಕುಡಿದ್ರೆ ಒಂದಕ್ಕೆ ಬರ್ತದೆ."

"ಬಂದ್ರೆ ಹೋಗ್ಬೇಕು."

"ನಾನು ಒಳಗಡೆ ಇರ್ತೀನಿ. ನಾನು ಇಳೀಬೇಕಂದ್ರೆ ಸೀಟಿನ ಮಧ್ಯದ ಹಲಗೆ ಎತ್ತಬೇಕು. ಹಲಗೆ ಮೇಲಿನೋರು ಎಲ್ಲ ಇಳೀಬೇಕು, ಬ್ಯಾಗೂ ಇಳಿಸ್ಬೇಕು. ಒಂದ್ಸಲ ಇಳಿದ್ವಿ. ಅವತ್ತು ಲೇಟಾಗಿ ಎಲ್ಲರನ್ನೂ ಗೇಟಿನ ಹತ್ರ ನಿಲ್ಲಿಸಿದ್ರು."

"ಆಮೇಲೆ?"

"ಆಮೇಲೆ ನಾನು ಕೇಳಿಲ್ಲ."

"ಅಜ್ಜಿಗೆ ಹೇಳ್ಬಾರ್ದಾ?"

ದೀಕ್ಷಾ ಬೆಡ್‌ಶೀಟಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅಜ್ಜಿ ಆ ಸೀಟನ್ನ ಎಷ್ಟೊಂದು ಕಷ್ಟಪಟ್ಟು ಕೊಡಿಸಿದ್ದು" ಎಂದಳು.

ಸುಧಾ ಕಿಟಕಿಯ ಕಡೆ ತಿರುಗಿಕೊಂಡಳು. ನನ್ನನ್ನು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನು ಪರ್ಸಿನ ಜಿಪ್ಪು ತೆಗೆದೆ, ಹಾಕಿದೆ, ತೆಗೆದೆ. ಅಡ್ಮಿಷನ್ ಕೌಂಟರಿನಲ್ಲಿ ಅವರು ಹೇಳಿದಷ್ಟನ್ನು ಕಟ್ಟಿ ಬಂದೆ. ಕೇಳಿದಷ್ಟು ದುಡ್ಡನ್ನು ಹಾಗೇ ಕೊಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಅಡ್ಮಿಟ್ ಆದ ನಾಲ್ಕನೆಯ ದಿನ ಬೆಳಿಗ್ಗೆ, ಸುಧಾಳನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು ಹರಿಹರದ ಮನೆಯಲ್ಲಿದ್ದೆ. ಏಳೂ ಐದಕ್ಕೆ ಸರಿಯಾಗಿ ಬಾಗಿಲ ಮುಂದೆ ನಿಂತುಕೊಂಡೆ. ವ್ಯಾನು ಬಂತು.

"ಅಕ್ಕಾರೆ, ಹುಡುಗಿ ಹೆಂಗದಾಳೆ?" ಎಂದ ಹಾಲೇಶ, ನಿಜವಾದ ಕಾಳಜಿಯಿಂದ.

"ಇವತ್ತು ಅವಳ ಸೀಟಿಗೆ ನಾನು ಬರ್ತೀನಿ."

"ಬರ್ರಿ ಬರ್ರಿ, ಮುಂದೆ ಕೂಡ್ರಿ."

"ರೊಕ್ಕ ಕೊಟ್ಟಿರೋದು ಹಿಂದಿನ ಸೀಟಿಗೆ."

ಅವನು ಇಳಿದು ಬಂದು ಪಕ್ಕದ ಬಾಗಿಲು ಎಳೆದ. ನಾನು ಬಗ್ಗಿ, ಒಂದು ಮೊಣಕಾಲೂರಿ, ದೇವರ ಗುಡಿಯ ಕಿರಿಬಾಗಿಲಲ್ಲಿ ನುಗ್ಗುವ ಹಾಗೆ ನುಗ್ಗಿ ಒಳಗಿನ ಮೂಲೆಯಲ್ಲಿ ಕೂತೆ. ಬಲಗಡೆ ತೊಡೆಗೆ ಏನೋ ಒತ್ತಿತು. ಸೀಟಿನ ರೆಕ್ಸಿನ್ ಹರಿದು ಕಬ್ಬಿಣದ ಪಟ್ಟಿ ಎದ್ದಿತ್ತು. ಕಿಟಕಿ ಇತ್ತು, ಸುಳ್ಳು ಹೇಳಬಾರದು. ಮಕ್ಕಳು ಕೈ ಹೊರಗೆ ಹಾಕುತ್ತಾರೆಂದು ಗಾಜಿಗೆ ಸ್ಕ್ರೂ ಜಡಿದಿದ್ದರು. ಮೂರು ಬೆರಳಿನಷ್ಟು ಸಂದು ಮಾತ್ರ ತೆರೆದಿತ್ತು.

ನಾನು ತಿಳಿದುಕೊಂಡದ್ದು, ಮೊದಲು ಹತ್ತಿದವಳು ಮೊದಲು ಮುಟ್ಟುತ್ತಾಳೆಂದು. ಎಷ್ಟು ವರ್ಷ ಬಸ್ಸಿನಲ್ಲಿ ತಿರುಗಿದರೂ ಈ ಸಣ್ಣ ಬುದ್ಧಿ ನನಗೆ ಬಂದಿರಲಿಲ್ಲ. ಮೊದಲು ಹತ್ತಿದವರು ಹರಿಹರವನ್ನೆಲ್ಲ ಸುತ್ತಬೇಕು. ಒಂದು ಓಣಿಯಲ್ಲಿ ಇಬ್ಬರು, ಮುಂದಿನ ಸರ್ಕಲ್ಲಿನಲ್ಲಿ ಮೂವರು, ಇನ್ನೂ ಹಲ್ಲುಜ್ಜುತ್ತಿದ್ದ ಹುಡುಗನಿಗಾಗಿ ಐದು ನಿಮಿಷ, ಶೂ ಸಿಗದವಳಿಗಾಗಿ ಮತ್ತೆ ಐದು ನಿಮಿಷ. ಹತ್ತಿದವರೆಲ್ಲ ನನ್ನನ್ನು ನೋಡಿ ಬೆಚ್ಚಿದರು.

"ಲೇ, ಮ್ಯಾಚಿಂಗ್ ಅಜ್ಜಿ ಬಂದೈತೆ ಕಣೋ!"

"ಅಜ್ಜೀನೂ ಎರಡನೇ ಕ್ಲಾಸಾ?"

"ಅಜ್ಜಿ, ಕಾಲು ಅಲ್ಲಿಡ್ಬೇಡಿ, ಅದು ನನ್ ಬ್ಯಾಗಿನ ಜಾಗ."

ಸೀಟು ತುಂಬಿದ ಮೇಲೆ ಹಾಲೇಶ ಎರಡು ಸೀಟಿನ ನಡುವೆ ಒಂದು ಮರದ ಹಲಗೆ ಅಡ್ಡ ಹಾಕಿದ. ಅದರ ಮೇಲೆ ನಾಲ್ವರು. ಅವರ ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಊಟದ ಬುತ್ತಿ. ನನ್ನ ಮೊಣಕಾಲು ಮುಂದಿನ ಸೀಟಿಗೂ ಹಲಗೆಗೂ ನಡುವೆ ಸಿಕ್ಕಿಕೊಂಡಿತು. ಎಣಿಸಿದೆ: ಹದಿನೇಳು ಮಕ್ಕಳು. ಹೈವೇ ಪಕ್ಕದ ಸರ್ವಿಸ್ ರಸ್ತೆಗೆ ಬಂದ ಮೇಲೆ ತೌಡು ತುಂಬಿದ ಲಾರಿಯೊಂದು ನಮ್ಮ ಪಕ್ಕಕ್ಕೇ ಬಂದು ನಿಧಾನವಾಯಿತು. ನಾನು ಕತ್ತು ಕುಗ್ಗಿಸಿ, ದೀಕ್ಷಾಳ ತಲೆ ಎಲ್ಲಿರುತ್ತದೋ ಅಲ್ಲಿಗೆ ನನ್ನ ತಲೆ ತಂದೆ. ಆ ಮೂರು ಬೆರಳಿನ ಸಂದು ಸರಿಯಾಗಿ ಮೂಗಿನ ನೇರಕ್ಕಿತ್ತು. ಲಾರಿಯ ಹೊಗೆ ಬೇರೆಲ್ಲಿಗೂ ಹೋಗದೆ ಅಲ್ಲಿಗೇ ಬಂತು.

ಅಷ್ಟು ಹೊತ್ತಿಗೆ ವ್ಯಾನಿನ ಗಲಾಟೆ ಸತ್ತುಹೋಗಿತ್ತು. ಏಳೂವರೆಗೆ ಗಿಳಿಗಳ ಹಾಗೆ ಹತ್ತಿದ ಮಕ್ಕಳು ಎಂಟು ಗಂಟೆಗೆ ಒಬ್ಬರ ಹೆಗಲ ಮೇಲೊಬ್ಬರು ಬಾಯಿ ತೆರೆದು ಒರಗಿದ್ದರು. ಹಲಗೆಯ ಮೇಲಿನ ಒಬ್ಬಳು ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರಲ್ಲಿ ಸದ್ದಿಲ್ಲದೆ ವಾಂತಿ ಮಾಡಿ, ಗಂಟು ಹಾಕಿ, ಕಾಲಿನ ಹತ್ತಿರ ಇಟ್ಟುಕೊಂಡಳು. ಯಾರೂ ತಿರುಗಿ ನೋಡಲಿಲ್ಲ. ಆ ಕೈ ಅಷ್ಟು ಪಳಗಿತ್ತು. ಬಟ್ಟೆಯ ಗಂಟನ್ನು ಮಗು ಎಂದು ತೊಡೆಯ ಮೇಲೆ ಕೂರಿಸಿಕೊಂಡು ಹೋದವಳು ನಾನು. ಇಲ್ಲಿ ಮಕ್ಕಳನ್ನೇ ಗಂಟಿನ ಹಾಗೆ ಒಟ್ಟಿದ್ದರು.

ಇನ್ನೊಂದು ಹೇಳಬೇಕು. ನನಗೆ ಐವತ್ತಾರು ವರ್ಷ, ಸಕ್ಕರೆ ಕಾಯಿಲೆ. ದಾವಣಗೆರೆ ಇನ್ನೂ ಹತ್ತು ನಿಮಿಷವಿರುವಾಗ ನನಗೆ ಒಂದಕ್ಕೆ ಬಂತು. ಹಾಲೇಶ ಗಂಟು ಹೊತ್ತು ತಿರುಗುವ ಕಾಲದಿಂದ ನಾನು ಕಂಡ ಹುಡುಗ. ನಿಲ್ಲಿಸಪ್ಪ ಎಂದರೆ ಆಗುತ್ತಿತ್ತು. ಆದರೆ ಹಲಗೆಯ ಮೇಲಿನ ನಾಲ್ವರ ನಿದ್ದೆಗಣ್ಣುಗಳನ್ನು ನೋಡಿದೆ, ಬ್ಯಾಗುಗಳನ್ನು ನೋಡಿದೆ. ಕಂಡಕ್ಟರ ಜೊತೆ, ಛತ್ರದವನ ಜೊತೆ, ಸಗಟು ವ್ಯಾಪಾರಿಗಳ ಜೊತೆ ಬಾಯಿ ಮಾಡಿದ ನನಗೆ ಆ ಹದಿನೇಳು ಮಕ್ಕಳೆದುರು ಬಾಯಿ ಬರಲಿಲ್ಲ. ತಡೆದುಕೊಂಡೆ. ನಿಜಲಿಂಗಪ್ಪ ಬಡಾವಣೆ ದಾಟಿ ಶಾಲೆಯ ಗೇಟು ಬರುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವಳು ಐದು ತಿಂಗಳು ಹೀಗೆ ಕೂತಿದ್ದಳು.

ಮಕ್ಕಳೆಲ್ಲ ಇಳಿದ ಮೇಲೆ ಕೊನೆಗೆ ನಾನು ಇಳಿದೆ. ಕಾಲು ಜೋಮು ಹಿಡಿದಿತ್ತು. ಶಾಲೆಯ ವಾಚ್‌ಮನ್ನನ ಕೈಕಾಲು ಹಿಡಿದು ಒಳಗೆ ಹೋಗಿಬಂದೆ. ಆಮೇಲೆ ಹಾಲೇಶನ ಮೇಲೆ ಎಗರಿದೆ.

"ಹದಿನೇಳು ಹುಡ್ರನ್ನ ತುಂಬೀಯಲ್ಲೋ! ಹೋದ್ವರ್ಷ ಹನ್ನೊಂದೇ ಇದ್ವಂತಲ್ಲೋ!"

"ಹೌದ್ರಿ, ಹನ್ನೊಂದಿದ್ವು." ಅವನು ವಾಂತಿಯ ಕವರನ್ನು ಎತ್ತಿ ಚರಂಡಿಯ ಪಕ್ಕದ ತೊಟ್ಟಿಗೆ ಹಾಕಿ ಬಂದು ಕೈ ಒರೆಸಿಕೊಂಡ. "ಹನ್ನೊಂದಕ್ಕೆ ಹದಿನೆಂಟು ನೂರಿತ್ತು. ಈ ವರ್ಷ ಕೇಳಾಕೆ ಹೋದ್ರೆ ಎಲ್ಲರೂ, ಮ್ಯಾಚಿಂಗ್ ಅಕ್ಕಾರಿಗೆ ಹದಿನಾಲ್ಕಂತೆ, ನಮಗ್ಯಾಕ ಹೆಚ್ಚು ಅಂದ್ರು. ನೀವೇ ಹೇಳೀರಂತೆ ಅಂಗಡ್ಯಾಗೆ. ಬೋಣಿ ರೇಟು ಊರ ರೇಟಾತು ಅಕ್ಕಾರೆ. ಗಾಡಿ ಸಾಲದ ಕಂತು ಹದಿನಾಲ್ಕಕ್ಕೆ ಇಳಿಯಂಗಿಲ್ಲ. ಹಲಗೆ ಹಾಕ್ದೆ."

"ನನಗೊಂದ್ ಮಾತು ಹೇಳ್ಬೇಕಿತ್ತು."

"ಹೆಂಗೆ ಹೇಳ್ಲಿ? ಬೋಣಿ ನೀವು."

ನನ್ನ ಅಂಗಡಿಯಲ್ಲಿ ಮೊದಲ ಗಿರಾಕಿಗೆ ಬಿಟ್ಟ ಹತ್ತು ರೂಪಾಯಿಯನ್ನು ನಾನು ಉಳಿದವರಿಂದ ವಸೂಲಿ ಮಾಡುತ್ತೇನೆ ಎಂದೆನಲ್ಲ. ಅವನೂ ಮಾಡಿದ. ಅವನಿಗೆ ವಸೂಲಿ ಮಾಡಲು ಇದ್ದದ್ದು ಮಕ್ಕಳ ಮೊಣಕಾಲಿನ ಜಾಗ ಮಾತ್ರ.

ಬಿಟ್ಟವಳಲ್ಲ ನಾನು. ಮುಂದಿನ ಭಾನುವಾರ ಆ ವ್ಯಾನಿನ ಮಕ್ಕಳ ಮನೆಗಳಿಗೆಲ್ಲ ಹೋದೆ. ತಲಾ ಎರಡು ಸಾವಿರದ ಇನ್ನೂರು ಕೊಡೋಣ, ಹಲಗೆ ತೆಗೆಸೋಣ, ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಮಕ್ಕಳನ್ನು ಇಳಿಸಲು ಹೇಳೋಣ, ಗಾಜಿನ ಸ್ಕ್ರೂ ಬಿಚ್ಚಿ ಹೊರಗೆ ಜಾಲರಿ ಹಾಕಿಸೋಣ ಎಂದೆ. ಜೀವನದಲ್ಲಿ ಮೊದಲ ಸಲ ಬೆಲೆ ಏರಿಸಲು ಬಾಯಿ ನೋಯಿಸಿಕೊಂಡೆ. ಚಹಾ ಕೊಟ್ಟರು, ಮಂಡಕ್ಕಿ ಕೊಟ್ಟರು, ದೀಕ್ಷಾ ಹೇಗಿದ್ದಾಳೆಂದು ಕೇಳಿದರು. "ಅಲ್ರೀ, ಹದಿನಾಲ್ಕಕ್ಕೆ ಇಳಿಸಿದ್ದೇ ನೀವು. ಈಗ ನೀವೇ ಏರಿಸ್ತೀರಾ? ಡ್ರೈವರ್ ಏನಾರ ಕಮಿಷನ್ ಕೊಡ್ತಾನಾ?" ಎಂದಳು ನನ್ನ ಹಳೆಯ ಗಿರಾಕಿಯೊಬ್ಬಳು, ನಗುತ್ತಲೇ. ಒಪ್ಪಿದವರು ಮೂರು ಮನೆ. ಮೂರು ಮನೆಯ ದುಡ್ಡಿಗೆ ಹಲಗೆ ಏಳಲಿಲ್ಲ.

ಆಸ್ಪತ್ರೆಯಿಂದ ಬಿಡುವ ಹಿಂದಿನ ಮಧ್ಯಾಹ್ನ ದೀಕ್ಷಾಳಿಗೆ ಗಂಜಿ ಕುಡಿಸುತ್ತಿದ್ದೆ. ಕೈಗೆ ಇನ್ನೂ ಸೂಜಿ ಇತ್ತು. ಎರಡು ಚಮಚ ನುಂಗಿ ಕೇಳಿದಳು.

"ಅಜ್ಜಿ, ನನ್ನ ಸೀಟಿಗೆ ಈಗ ಯಾರು ಬರ್ತಾರೆ?"

"ನೀನು ಇನ್ನು ಆ ವ್ಯಾನಿಗೆ ಹೋಗೋದು ಬ್ಯಾಡ ಪುಟ್ಟಿ. ಭಾನುವಳ್ಳಿ ಕಡೇಲಿಂದ ಒಂದು ಹುಡುಗಿ ಸೇರ್ಕಂಡೈತಂತೆ, ಒಂದನೇ ಕ್ಲಾಸು. ಅದು ಮೊದ್ಲು ಹತ್ತುತ್ತೆ."

ಖುಷಿಯಾಗುತ್ತಾಳೆಂದುಕೊಂಡೆ. ಅವಳು ಚಮಚವನ್ನು ಕೈಯಿಂದ ಸರಿಸಿ, "ಅವಳಿಗೆ ಹೇಳ್ಬೇಕಿತ್ತು, ಬೆಳಿಗ್ಗೆ ಹಾಲು ಕುಡೀಬೇಡ ಅಂತ" ಎಂದಳು.

ಈಗ ಒಂದೂವರೆ ವರ್ಷವಾಯಿತು. ದೀಕ್ಷಾ ಹರಿಹರದಲ್ಲೇ, ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆಯ ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ನಾನು, ಸಂಜೆ ಸುಧಾ. ದಾರಿಯಲ್ಲಿ ಸ್ವಲ್ಪ ಸ್ವಲ್ಪ ಮಾತು ಬರುತ್ತಿದೆ. ಜ್ವರ ಮತ್ತೆರಡು ಸಲ ಬಂತು. ಎಡಗಡೆಯ ಕಿಡ್ನಿಯಲ್ಲಿ ಗಾಯದ ಕಲೆ ಉಳಿದಿದೆ, ಅದು ಹೋಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ವರ್ಷ ವರ್ಷ ತೋರಿಸಬೇಕು, ದೊಡ್ಡವಳಾದ ಮೇಲೂ ಬಿ.ಪಿ. ನೋಡಿಸುತ್ತಿರಬೇಕು. "ಕಡಿಮೆ ಆಗಂಗಿಲ್ವಾ ಮೇಡಂ, ಸ್ವಲ್ಪನಾದ್ರೂ?" ಎಂದು ಕೇಳಿದೆ. ಅಭ್ಯಾಸ ಬಲ. ಅವರು ತಲೆ ಅಲ್ಲಾಡಿಸಿದರು. ನೀರು ಕುಡಿ ಎಂದರೆ ಈಗಲೂ ಅವಳು ಮೊದಲು ಗಡಿಯಾರ ನೋಡುತ್ತಾಳೆ. ಸುಧಾ ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಛತ್ರದ ಬಾಡಿಗೆಯ ಕಥೆಯನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಬುದ್ಧಿ ಹೇಳುವುದು ನನ್ನ ಚಟ, ಕೇಳಿಸಿಕೊಳ್ಳಿ. ವ್ಯಾನು ಗೊತ್ತು ಮಾಡುವಾಗ ಸೀಟಿನ ಬೆಲೆ ಕೇಳುವ ಮೊದಲು ಒಟ್ಟು ಎಷ್ಟು ಮಕ್ಕಳು ಎಂದು ಕೇಳಿ, ಶಾಲೆ ಶುರುವಾಗಿ ತಿಂಗಳಾದ ಮೇಲೆ ಹೋಗಿ ನೀವೇ ಎಣಿಸಿ. ದೂರ ಎಷ್ಟು ಎನ್ನಬೇಡಿ. ಮಗು ಹತ್ತುವುದು ಎಷ್ಟು ಹೊತ್ತಿಗೆ, ಇಳಿಯುವುದು ಎಷ್ಟು ಹೊತ್ತಿಗೆ ಎಂದು ಕೇಳಿ. ಆದಷ್ಟು ಕೊನೆಗೆ ಹತ್ತಿ ಮೊದಲು ಇಳಿಯುವ ಸೀಟನ್ನು ಹಿಡಿಯಿರಿ, ಬಾಗಿಲ ಹತ್ತಿರದ್ದು. ನಡಿಗೆಯ ದೂರದಲ್ಲಿ ಶಾಲೆಯಿದ್ದರೆ ಜನ ಏನೆಂದಾರೆಂದು ನೋಡಬೇಡಿ. ಮನೆಗೆ ಬಂದ ಮಗುವಿಗೆ ಎಷ್ಟು ಮಾರ್ಕ್ಸು ಎನ್ನುವ ಮೊದಲು, ಇವತ್ತು ಎಷ್ಟು ಸಲ ಒಂದಕ್ಕೆ ಹೋಗಿದ್ದೆ ಎಂದು ಕೇಳಿ. ನಾಚಿಕೆಯಿಲ್ಲದೆ ಕೇಳಿ, ನಾಲ್ಕು ಜನರ ಎದುರು ಮಾತ್ರ ಬೇಡ. ಒಂದು ದಿನ ಅಂಗಡಿ, ಆಫೀಸು ಬಿಟ್ಟು ನಿಮ್ಮ ಮಗುವಿನ ಜಾಗದಲ್ಲಿ ಕೂತು ಶಾಲೆಯವರೆಗೆ ಹೋಗಿ. ಮೊಣಕಾಲು ನೋವು ಎನ್ನಬೇಡಿ, ನನ್ನದೂ ನೋಯುತ್ತದೆ. ಹೊರಡುವ ಮುಂಚೆ ಎರಡು ಲೋಟ ನೀರು ಕುಡಿದು ಹೋಗಿ. ಇಳಿದ ಮೇಲೆ ಡ್ರೈವರನ್ನು ಬೈಯಬೇಡಿ. ಈ ಹಲಗೆ ತೆಗೆಯಬೇಕಾದರೆ ನಿನಗೆ ಎಷ್ಟು ಬೇಕು ಎಂದು ಕೇಳಿ, ಅವನು ಹೇಳಿದಷ್ಟನ್ನು ಕೊಟ್ಟುಬಿಡಿ.